ಸೂಜಿರಾಯರ ನವಿಲು

ಸಂಜೆ ತೊಟ್ಟಿಲ ಶಾಸ್ತ್ರ. ಅಷ್ಟರಲ್ಲಿ ಕೂಸಿನ ಕೌದಿಯ ಮೇಲೊಂದು ನವಿಲು ಹೊಲಿದು ಮೆರೆಯಬೇಕೆಂದು ಮಿಷನ್ನಿನ ಸೂಜಿ ಕುಣಿಯುತ್ತಿತ್ತು.

"ತಡೆಯಿರಿ ಸೂಜಿರಾಯರೇ," ಎಂದಿತು ಕಚ್ಚಾ ಹೊಲಿಗೆಯ ದಾರ. "ಕೌದಿಯ ಒಳಗಿನ ಹಳೇ ಸೀರೆ, ಧೋತರ, ಚಾದರ, ಮೂರೂ ಪದರ ಜಾರುವ ಪೈಕಿ. ಮೊದಲು ನಾನು ಹಿಡಿದಿಡುತ್ತೇನೆ."

"ಕೆಲಸ ಮುಗಿದ ಮೇಲೆ ಕಿತ್ತೆಸೆಯುವ ದಾರ ನೀನು. ನಿನಗ್ಯಾಕಯ್ಯಾ ಹಿರೇತನ?" ಎಂದು ಸೂಜಿ ಓಡಿಯೇ ಬಿಟ್ಟಿತು.

ಸೀರೆ ಅತ್ತ ಜಾರಿತು, ಧೋತರ ಇತ್ತ ಮುದುಡಿತು, ನವಿಲು ಸುಕ್ಕುಗಟ್ಟಿ ಹಾಗಲಕಾಯಿಯಾಯಿತು. ಹೊಲಿಯುತ್ತಿದ್ದ ಗುರುಸಿದ್ದವ್ವ ಗಾಬರಿಯಿಂದ ಎದ್ದಳು; ಹೊಲಿಗೆಗೆ ಸಿಕ್ಕಿದ್ದ ಅವಳ ಸೆರಗಿನ ಜೊತೆ ಕೌದಿ ಎದ್ದಿತು, ಕೌದಿಯ ಜೊತೆ ಮಿಷನ್ನೂ ಎದ್ದಿತು. ಸುಳ್ಳೆನಿಸಿದರೆ ಮಿಷನ್ನನ್ನೇ ಕೇಳಿ.

ಅವಳು ಬ್ಲೇಡು ಹಿಡಿದು ಸೂಜಿಯ ಹೊಲಿಗೆಯನ್ನೆಲ್ಲ ಕೀಳತೊಡಗಿದಳು.

"ರಾಯರೇ," ಎಂದಿತು ಕಚ್ಚಾ ದಾರ, "ನನ್ನನ್ನು ಕೆಲಸ ಮುಗಿದ ಮೇಲಾದರೂ ಕೀಳುತ್ತಾರೆ."