ಆಮೆಯಜ್ಜ ಹತ್ತಿದ ಉಯ್ಯಾಲೆ

ಕೋತಿಯೊಂದು ಹಳ್ಳದ ಮೇಲೆ ಆಲದ ಬಿಳಲಿನ ಉಯ್ಯಾಲೆ ಕಟ್ಟಿತು. ಕಾಡಿನವರೆಲ್ಲ ಸಾಲುಗಟ್ಟಿ ನಿಂತರು. ಮೊಲದ ಮರಿ ತಾನೂ ಹತ್ತುತ್ತೇನೆಂದು ಹಟ ಹಿಡಿದಾಗ ಮೊಲದಮ್ಮ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ಮೊದಲು ಹಿರಿಯರು ಹತ್ತಿ ನೋಡಲಿ," ಎಂದು ಅವಳು ಆಮೆಯಜ್ಜನನ್ನು ಕೂರಿಸಿದಳು.

ಉಯ್ಯಾಲೆ ಮುಗಿಲೆತ್ತರ ಹೋಗಿ ಬಂತು. ಆಮೆಯಜ್ಜ ನಿಧಾನವಾಗಿ ಇಳಿದು, "ಹೆದರುವಂಥದ್ದೇನೂ ಇಲ್ಲ ತಾಯಿ. ಉದ್ದಕ್ಕೂ ಕತ್ತಲೆ, ಅಷ್ಟೆ," ಎಂದ.

"ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಕೂತರೆ ಇನ್ನೇನು ಕಾಣುತ್ತದೆ ಅಜ್ಜ?" ಎನ್ನುತ್ತ ಮೊಲದಮ್ಮ ತಾನೇ ಹತ್ತಿದಳು. ಅವಳ ಕಿರುಚಾಟಕ್ಕೆ ಹಳ್ಳದ ಕಪ್ಪೆಗಳೆಲ್ಲ ನೀರಿಗೆ ಧುಮುಕಿದವು. ಇಳಿದಾಗ ಕಿವಿಗಳೆರಡೂ ಹೆಣೆದುಕೊಂಡಿದ್ದವು.

"ಇದು ಮಕ್ಕಳಿಗೆ ತಕ್ಕುದಲ್ಲ," ಎಂದು ತೀರ್ಪು ಕೊಟ್ಟವಳೇ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

"ಮತ್ತೆ ಯಾಕಮ್ಮ ನಿಂತೆ?" ಎಂದಿತು ಮರಿ.

"ಇನ್ನೊಮ್ಮೆ ಪರೀಕ್ಷಿಸಬೇಕು."

ಮರಿ ಬಂದು ಅವಳಿಗೆ ಒತ್ತಿಕೊಂಡು ನಿಂತಿತು. "ಹಾಗಾದರೆ ನಾನೂ ಬರುತ್ತೇನೆ. ನೀನು ಕಿರುಚುವಾಗ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ."

ಮೊಲದಮ್ಮ ಮರಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅವರ ಹಿಂದೆ ಆಮೆಯಜ್ಜನೂ ಬಂದು ನಿಂತ. "ಈ ಸಲ ತಲೆ ಹೊರಗಿಟ್ಟೇ ಕೂರುತ್ತೇನೆ," ಎಂದ. "ನನ್ನನ್ನೂ ಯಾರಾದರೂ ಹಿಡಿದುಕೊಳ್ಳಿ."