ಮಡ್‌ಗಾರ್ಡ್ ಮೇಲಿನ ಗುರುವಾಣಿ

ಹೊಳೆದಂಡೆ ಮಠದಲ್ಲಿ ಗುರುಗಳು ಏನಂದ್ರೂ ಶಿಷ್ಯರು ಗೋಡೆ ಮೇಲೆ ಬರೆದುಬಿಡೋರು. ಕಕ್ಕಸ್ಸಿನ ಬಾಗಿಲ ಮೇಲೂ ಒಂದಿತ್ತು: 'ಚಿಲಕ ಹಾಕ್ಕೊಳ್ರಯ್ಯಾ.'

ಮಠದ ಟ್ರ್ಯಾಕ್ಟರ್ ಓಡಿಸೋನು ಶಿಷ್ಯ ಶಿವಮಲ್ಲು. ಒಂದಿನ ಒಣ ಹೊಲ ಉಳ್ತಿದ್ದಾಗ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗೋಕೆ ಶುರು ಮಾಡ್ತು. ಸೀದಾ ಗುರುಗಳ ಹತ್ರ ಬಂದ.

"ಬುದ್ಧಿ, ಟೈರಿಗೆ ನೀರು ತುಂಬ್ಸಿದ್ರೆ ಭಾರ ಆಗಿ ಹಿಡಿತ ಸಿಗುತ್ತಂತೆ. ತುಂಬ್ಸಲಾ, ಬೇಡ್ವಾ?"

"ತುಂಬ್ಸು," ಅಂದ್ರು ಗುರುಗಳು.

ತುಂಬ್ಸಿದ. ಟ್ರ್ಯಾಕ್ಟರ್ ಗುಟುರು ಹಾಕ್ಕೊಂಡು ಎಳೀತು. ಆ ಖುಷಿಗೆ ಮಡ್‌ಗಾರ್ಡ್ ಮೇಲೆ ಕೆಂಪು ಪೇಂಟಲ್ಲಿ ದಪ್ಪಗೆ ಬರೆದ: 'ತುಂಬ್ಸು. ಗುರುವಾಣಿ.'

ಮುಂದಿನ ವಾರ ಭತ್ತದ ಗದ್ದೆ ಕೆಸರು ಮಾಡ್ಬೇಕಿತ್ತು. ವರ್ಷವಿಡೀ ಮಠದ ಅನ್ನ ಬರೋದು ಆ ಗದ್ದೆಯಿಂದ್ಲೇ. ನಾಟಿ ಹೆಂಗಸರು ಬದು ಮೇಲೆ ಕೂತಿದ್ರು.

"ಬೇಗ ಇಳ್ಸಪ್ಪ ಸ್ವಾಮಿ," ಅಂದ್ಲು ಗುಂಪಿನ ಹಿರಿಯಾಕೆ ಸಾಕಮ್ಮ. "ಇವತ್ತು ಗದ್ದೆ ಆಗ್ಲಿಲ್ಲ ಅಂದ್ರೆ ನಾಳೆ ನಾವು ಪಕ್ಕದೂರಿಗೆ ಹೋಯ್ತೀವಿ. ಆಮೇಲೆ ನಿಮ್ ಪೈರು ನೀವೇ ಉಪ್ಪಿನಕಾಯಿ ಹಾಕ್ಕೊಳ್ಳಿ."

ಶಿವಮಲ್ಲು ಕೆಸರು ನೋಡ್ದ. ಟೈರ್ ನೋಡ್ದ. ಅಳುಕಾಯ್ತು. ಮಡ್‌ಗಾರ್ಡ್ ಓದ್ಕೊಂಡ. ಇಳಿಸೇಬಿಟ್ಟ.

ಎರಡು ಮಾರು ಹೋಗಿದ್ದೇ ತಡ, ಟ್ರ್ಯಾಕ್ಟರ್ ಎಮ್ಮೆ ಥರ ಹೂತು ಕೂತ್ಕೊಂಡ್ತು.

ಗುರುಗಳು ಬಂದ್ರು. ಕಾವಿ ಪಂಚೆ ಎತ್ತಿ ಕಟ್ಟಿ, ಕೆಸರಿಗಿಳಿದು, ಟೈರಿನ ವಾಲ್ವ್ ಬಿಚ್ಚಿದ್ರು. ನೀರು ಚಿಮ್ಮಿ ಶಿಷ್ಯನ ಮುಖಕ್ಕೆ ಹೊಡೀತು.

"ನೀವೇ ತಾನೆ ಬುದ್ಧಿ ತುಂಬ್ಸು ಅಂದಿದ್ದು!"

"ಅಂದಿದ್ದೆ. ಅವತ್ತು ನಿನ್ ಕಾಲ್ಕೆಳಗೆ ಏನಿತ್ತು?"

"ಧೂಳು."

"ಇವತ್ತು?"

ಶಿವಮಲ್ಲು ತೊಡೆ ತಂಕ ಕೆಸರಲ್ಲಿದ್ದ. ಕಾಲು ಕೀಳೋಕೆ ನೋಡ್ದ, ಬರ್ಲಿಲ್ಲ.

"ಗೊತ್ತಾಯ್ತಲ್ಲ, ಆ ಕಡೆ ವಾಲ್ವ್ ಬಿಚ್ಚು ಹೋಗು."

ನೀರು ಬಿಟ್ಟು, ಚಕ್ರಕ್ಕೆ ಅಡ್ಡ ದಿಮ್ಮಿ ಕಟ್ಟಿ ಟ್ರ್ಯಾಕ್ಟರ್ ಎಬ್ಬಿಸೋ ಹೊತ್ತಿಗೆ ಮಧ್ಯಾಹ್ನ. ಹಗುರಾದ ಗಾಡಿ ಸಂಜೆಯೊಳಗೆ ಗದ್ದೆ ಮುಗಿಸ್ತು. ಸಾಕಮ್ಮ "ನಾಳೆ ಬರ್ತೀವಿ, ಗಟ್ಟಿ ಊಟ ಇರ್ಲಿ" ಅಂದು ಹೋದ್ಲು.

ಶಿವಮಲ್ಲು ಪೇಂಟ್ ಡಬ್ಬ ಹಿಡ್ಕೊಂಡು ಬಂದ.

"ತಪ್ಪಾಯ್ತು ಬುದ್ಧಿ. ಅದನ್ನ ಅಳಿಸಿ 'ತುಂಬ್ಸಬೇಡ' ಅಂತ ಬರೀಲಾ?"

"ಬರಿ," ಅಂದ್ರು ಗುರುಗಳು. "ಸೀಮೆಸುಣ್ಣದಲ್ಲಿ ಬರಿ."