ಬಿಸಿಲುಂಡ ಕಮ್ಮಾರ್ತಿ ಮಕ್ಕಳು

ಒಂದಾನೊಂದು ಕಾಲದಲ್ಲಿ, ಆಕಾಶದಲ್ಲಿ ಇನ್ನೂ ಬೇಕಾದಷ್ಟು ಜಾಗ ಸಿಗ್ತಿದ್ದ ಕಾಲದಲ್ಲಿ, ಕಡಲ ದಂಡೇಲಿ ಒಬ್ಬ ಕಮ್ಮಾರ್ತಿ ಇದ್ದಳಂತೆ. ಅವಳ ಗಂಡನ್ನ ಬಿರುಗಾಳಿ ನುಂಗಿತ್ತಂತೆ. ಗಾಳಿ ಬರೋದನ್ನ ಮೇಲಿಂದ ನೋಡಿ ಹೇಳೋರು ಇದ್ದಿದ್ರೆ ಬದುಕ್ತಿದ್ದ ಅಂತ, ಅವಳು ಕುಲುಮೆ ಹಚ್ಚಿ ಲೋಹದಲ್ಲೇ ಮೂವರು ಹೆಣ್ಣುಮಕ್ಕಳನ್ನ ಬಡಿದು ಮಾಡಿದಳಂತೆ. ದೊಡ್ಡವಳು ನಾಗವ್ವ, ನಡುವಿನವಳು ಕೆಂಚವ್ವ, ಕಿರಿಯವಳು ಈರವ್ವ. ಒಬ್ಬೊಬ್ಬಳಿಗೂ ಎರಡು ಅಗಲ ರೆಕ್ಕೆ, ಹೊಟ್ಟೆಯೊಳಗೊಂದು ಗಡಿಗೆ.

ಅವರನ್ನ ಆಕಾಶಕ್ಕೆ ಒಗೆಯೋ ಮುಂಚೆ ಹೇಳಿದಳಂತೆ, ಭೂಮೀನ ಸುತ್ತೋದಕ್ಕೆ ನಿಮಗೆ ಕೂಳು ಬೇಡ, ನಾನು ಬೀಸಿ ಒಗೆದ ರಭಸಕ್ಕೇ ಸುತ್ತುತಾ ಇರ್ತೀರಿ, ನೋಡೋಕೆ, ಮಾತಾಡೋಕೆ, ಮೈ ಬೆಚ್ಚಗಿಟ್ಕೊಳ್ಳೋಕೆ ಬೇಕು. ರೆಕ್ಕೇಲಿ ಬಿಸಿಲು ಉಣ್ಣಿ, ಮಿಕ್ಕಿದ್ದು ಗಡಿಗೆಗೆ ತುಂಬಿ. ಸುತ್ತುಸುತ್ತಿಗೂ ಭೂಮಿಯ ನೆರಳು ಸಿಗುತ್ತೆ, ಅಲ್ಲಿ ಗಡಿಗೇದೇ ಊಟ. ಆದರೆ ಅಕ್ಕಿ ಗಡಿಗೇಲಿ ಒಂದು ಹಿಡಿ ಉಳಿಸ್ತೀವಲ್ಲ, ಹಾಗೆ ಉಳಿಸಿ. ತಳ ಕಂಡ ಗಡಿಗೆ ಮತ್ತೆ ತುಂಬಲ್ಲ.

ನಾಗವ್ವ ಮೇಲೆ ಹೋದವಳೇ ಊರಿನ ಕಡೆ ಮುಖ ಮಾಡಿ ಕೂತಳಂತೆ. ರೆಕ್ಕೆ ಸೂರ್ಯನ ಕಡೆ ತಿರುಗಿಸೇ ಅಂತ ಅವ್ವ ಕೂಗಿದ್ರೆ, ತಿರುಗಿದ್ರೆ ನಿನ್ನ ಅಂಗಳ ಮರೆಯಾಗುತ್ತೆ ಅಂದಳಂತೆ. ಮೊದಲ ನೆರಳಲ್ಲೇ ಸೆಟೆದುಹೋದಳು. ಆಮೇಲೆ ಕೆಂಚವ್ವ. ಚೆನ್ನಾಗಿ ಉಂಡಳು, ಗಡಿಗೇನೂ ತುಂಬಿದಳು, ಬಾಯಿ ಮಾತ್ರ ಮುಚ್ಚಲಿಲ್ಲ. ನೆರಳಲ್ಲೂ ಅಲ್ಲಿ ಮೋಡ, ಇಲ್ಲಿ ಮೋಡ ಅಂತ ಒದರಿ ಒದರಿ ತಳ ಕೆರೆದು ಉಂಡಳಂತೆ. ಆಮೇಲೆ ರೆಕ್ಕೆ ತುಂಬ ಬಿಸಿಲು ಬಿದ್ದರೂ ಗಡಿಗೆಗೆ ಒಂದು ಹನಿ ಇಳೀಲಿಲ್ಲ, ಮುಂದಿನ ನೆರಳಿಗೆ ಅವಳೂ ಹೋದಳು. ಇಬ್ಬರೂ ಇನ್ನೂ ಸುತ್ತುತಾನೇ ಇದಾರಂತೆ, ಅಲ್ಲಿ ಸತ್ತವರಿಗೂ ವಿಶ್ರಾಂತಿ ಇಲ್ಲ.

ಅಕ್ಕಂದಿರ ಹೆಣ ಪಕ್ಕದಲ್ಲೇ ಹಾದುಹೋಗೋದನ್ನ ನೋಡಿ ನೋಡಿ ಈರವ್ವ ಮಹಾ ಜಿಪುಣಿಯಾದಳಂತೆ. ನೆರಳು ಬಂತು ಅಂದ್ರೆ ಬಾಯಿ ಮುಚ್ಚಿ, ಗಡಿಗೆಯ ಬಿಸಿಲಲ್ಲೇ ಎದೆಗೊಂದು ಕೆಂಡ, ಕಣ್ಣಿಗೊಂದು ಕೆಂಡ ಇಟ್ಟುಕೊಂಡು ಮುದುರಿ ಕೂರೋಳು. ಹೀಗಿರುವಾಗ ಒಂದು ಸಲ ನೆರಳಿನಿಂದಲೇ ಕೆಳಗೆ ನೋಡ್ತಾಳೆ, ಬಿರುಗಾಳಿ ಸುರುಳಿ ಸುತ್ತಿಕೊಂಡು ಬರ್ತಿದೆ, ಅವ್ವನ ಊರಿನ ದೋಣಿಗಳ ಲಾಂದ್ರ ಒಂದೊಂದೇ ದಡ ಬಿಡ್ತಿವೆ. ಬಿಸಿಲಿಗೆ ಹೋಗಿ ಹೇಳೋಣ ಅಂದ್ರೆ ಅಷ್ಟರಲ್ಲಿ ಊರು ಹಿಂದೆ ಬಿದ್ದಿರುತ್ತೆ, ದನಿ ಮುಟ್ಟಲ್ಲ. ಈಗಲೇ ಕೂಗಿದ್ರೆ ಗಡಿಗೆಯ ತಳ ಕಾಣುತ್ತೆ.

ಅಳೋಣ ಅಂದ್ರೆ ಅಳೋಕೂ ಶಕ್ತಿ ಬೇಕಲ್ಲ. ಈರವ್ವ ಕಣ್ಣಿನ ಕೆಂಡ ತೆಗೆದು ನಾಲಿಗೆಗೆ ಕೊಟ್ಟಳಂತೆ. ಚಳಿಗೆ ಕಣ್ಣು ಎರಡೂ ಒಡೆದುಹೋದವು. ಆ ಕಾವಿಗೆ ಒಂದೇ ಮಾತು ಹೊರಟಿತು.

"ಅವ್ವಾ, ದೋಣಿ ಎಳಕೊಳ್ಳಿ."

ಕಮ್ಮಾರ್ತಿ ದಂಡೆಗೆ ಓಡಿ ಕೂಗಿಕೊಂಡಳು, ದೋಣಿಗಳೆಲ್ಲ ತಿರುಗಿ ಬಂದವು. ಹೊರಗೆ ಗಾಳಿ ಊಳಿಡ್ತಿದ್ರೆ ಒಳಗೆ ಎಲ್ಲ ಮನೇಲೂ ಗಂಡಸರು ಬಿಸಿ ಗಂಜಿ ಉಂಡರಂತೆ. ಕುರುಡಿಯಾದ್ರೇನು, ಈರವ್ವ ಆಮೇಲೆ ಈ ದಡದವರ ಮಾತನ್ನ ಆ ದಡಕ್ಕೆ ದಾಟಿಸ್ತಾ ಸುಖವಾಗಿ ಇದ್ದಳಂತೆ. ಒಂದು ದಿನ ಅವ್ವ ಕೇಳಿದಳಂತೆ, ಬಿಸಿಲು ಯಾವ ಕಡೆ ಅಂತ ಹೇಗೆ ತಿಳಿಯುತ್ತೇ ನಿಂಗೆ?

"ಹಸಿದವಳಿಗೆ ಅನ್ನದ ದಾರಿ ತೋರಿಸಬೇಕೇನವ್ವ?"

ಕತೆ ಅಲ್ಲಿಗೆ ಮುಗೀತು ಮಗಾ, ಹೊದ್ಕೊಂಡು ಮಲಕ್ಕೋ.